ಬೀದರದಲ್ಲಿ ಒಬ್ಬ ರಶಿಯನ್ ವರ್ತಕ
‘ಮೂರು ಸಮುದ್ರಗಳಾಚೆಯ ಯಾತ್ರೆ’ – ಒಂದು ವಿಮರ್ಶೆ

ಒಂದು ರಾಷ್ಟ್ರದ ಶೀಲವನ್ನು ಅರಿಯಲೆಳಸುವವರು ಸಾಮಾನ್ಯವಾಗಿ ಅದರ ಅರಸರ ವಂಶಾವಳಿಯನ್ನೂ ಯುದ್ಧಗಳ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂಡುವರು. ರಶಿಯಾ ದೇಶದ ವಿಷಯದಲ್ಲಂತೂ ಈ ರೂಢಿಯು ಬಲವಾಗಿದೆ. 1237ರಿಂದ ತಾರ್ತರರ ದಂಡು ಆ ನಾಡನ್ನು ತುಳಿಯಿತು. 1480ರಲ್ಲಿ ಉಗ್ರಾ ನದಿಯ ದಡದಲ್ಲಿ ಆ ನೊಗವು ಕಳಚಿತು. 1861ರಲ್ಲಿ ಒಕ್ಕಲುಮಕ್ಕಳ ಜೀತವು ನಿಂತಿತು. 1917ರಲ್ಲಿ ಅರಸುತನವೇ ಅಳಿಯಿತು. 1991ರಲ್ಲಿ ಸೋವಿಯೆತ್ ಒಕ್ಕೂಟವು ಒಡೆಯಿತು. ಇವೆಲ್ಲ ನಿಜವಾದ ಸಂಗತಿಗಳೇ. ಆದರೆ ಇವುಗಳಿಂದ ‘ರಶಿಯನರು ಒಡೆಯನನ್ನು ಬಯಸುವ ಜನ, ಹೊರೆ ಹೊರುವುದೇ ಅವರ ಸ್ವಭಾವ’ ಎಂಬ ಸಿದ್ಧಾಂತವನ್ನು ಹೊರಡಿಸುವುದು ಹೊರೆ ಹೊರಿಸಿದವನ ಗುಣವನ್ನು ಹೊತ್ತವನಿಗೆ ಆರೋಪಿಸಿದಂತೆ.

ಈ ಸಿದ್ಧಾಂತವನ್ನು ಒರೆಗೆ ಹಚ್ಚಲು ಕನ್ನಡಿಗರಿಗೆ ದೂರ ಹೋಗಬೇಕಾದ ಕಾರಣವಿಲ್ಲ. ವೋಲ್ಗಾ ನದಿಯ ದಡದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನು ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ರಾಜಧಾನಿಯಾದ ಬೀದರದಲ್ಲಿ ವಾಸಿಸಿ, ಕಂಡದ್ದನ್ನು ಬರೆದಿಟ್ಟನು. ಕ್ಯಾಸ್ಪಿಯನ್, ಹಿಂದೂ ಮತ್ತು ಕಪ್ಪು ಸಮುದ್ರಗಳನ್ನು ದಾಟಿದುದರಿಂದ ಗ್ರಂಥಕ್ಕೆ ಈ ಹೆಸರು. ಮರಳುವಾಗ ಆತನು ಸ್ಮೊಲೆನ್ಸ್ಕ್ ಪಟ್ಟಣವನ್ನು ಮುಟ್ಟುವ ಮೊದಲೇ ತೀರಿಕೊಂಡನು. 1475ರಲ್ಲಿ ಆತನ ಬರಹವು ಮಾಸ್ಕೋದ ಅರಸನ ಕರಣಿಕನಾದ ವಸೀಲಿ ಮಮಿರೇವನ ಕೈಸೇರಿ, ಅಲ್ಲಿನ ರಾಜಚರಿತೆಗಳಲ್ಲಿ ಸೇರಿಕೊಂಡಿತು. ಮೂರು ಶತಮಾನಗಳಿಗೂ ಮಿಕ್ಕಿ ಮರೆಯಲ್ಲಿದ್ದ ಅದನ್ನು ಬೆಳಕಿಗೆ ತಂದವನು ಇತಿಹಾಸಕಾರನಾದ ಕರಮ್‌ಜಿನನು.

ಗ್ರಂಥಕರ್ತನು ಪಂಡಿತನಲ್ಲ, ರಾಯಭಾರಿಯೂ ಅಲ್ಲ. ವೋಲ್ಗಾ ನದಿಯ ಮುಖದಲ್ಲಿಯೇ ತಾರ್ತರರು ಆತನ ಸರಕನ್ನು ದೋಚಿದರು. ಊರಿಗೆ ಮರಳಿದರೆ ಸಾಲಗಾರರ ಭಯ. ಆದುದರಿಂದಲೇ ಆತನು ಮುಂದೆ ನಡೆದನು. ಪಾರಸೀಕ ದೇಶವನ್ನು ದಾಟಿ, ಹೊರಮುಜದಿಂದ ಒಂದು ಕುದುರೆಯೊಡನೆ ಹಡಗನ್ನೇರಿ ಚೌಲ ಬಂದರಕ್ಕೆ ಬಂದನು. ಜುನ್ನರದ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು, ಮತವನ್ನು ಬಿಟ್ಟರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಬಿಡದಿದ್ದರೆ ಕುದುರೆಯೂ ಇಲ್ಲ, ಮೇಲೆ ದಂಡವೂ ಉಂಟೆಂದನು. ಖೊರಾಸಾನದ ಒಬ್ಬ ಮುಸಲ್ಮಾನ ಗೃಹಸ್ಥನು ನಡುವೆ ಬಂದು ಈ ಪರದೇಶಿಯನ್ನು ಪಾರುಮಾಡಿದನು. ಪೀಡಿಸಿದವನ ಮತವನ್ನೂ ಪೊರೆದವನ ಮತವನ್ನೂ ಒಂದೇ ಎಂದು ಕಂಡ ಲೇಖಕನು ಆ ಮತದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಗ್ರಂಥದ ಮೊದಲನೆಯ ಗುಣವಿದು.

ಎರಡನೆಯ ಗುಣವು ಕಣ್ಣಿನ ನೇರತನ. ಬೀದರದ ಸುಲ್ತಾನನ ಸವಾರಿ, ಕವಚ ತೊಟ್ಟ ಆನೆಗಳು, ಬೆಳ್ಳಿಯ ಪಲ್ಲಕ್ಕಿಗಳು, ಮಹಮೂದ ಗವಾನನ ವೈಭವ ಎಲ್ಲವೂ ಇಲ್ಲಿವೆ. ಆದರೆ ಅವುಗಳ ಪಕ್ಕದಲ್ಲಿಯೇ ಹಳ್ಳಿಯ ಜನರು ಬಹು ಬಡವರು, ಪ್ರಭುಗಳು ಬಹು ಶ್ರೀಮಂತರು ಎಂಬ ಮಾತೂ ಇದೆ. ಆಳಂದದಲ್ಲಿ ಕೂಡುವ ಕುದುರೆಗಳ ಸಂತೆಯನ್ನೂ, ಮನೆಯ ಮೇಲೆ ಕುಳಿತರೆ ಸಾವನ್ನು ಸೂಚಿಸುವ ‘ಗುಕುಕ್’ ಎಂಬ ಹಕ್ಕಿಯನ್ನೂ ಆತನು ಗುರುತಿಸಿರುವನು. ಅದು ನಮ್ಮ ಗೂಗೆಯೇ ಇರಬೇಕೆಂದು ಯಾವ ಕನ್ನಡ ಮನೆಯವರಾದರೂ ಹೇಳಿಯಾರು.

ದೋಷಗಳೂ ಸಣ್ಣವಲ್ಲ. ದಂಡಿನ ಸಂಖ್ಯೆಗಳು ಕಿವಿಮಾತಿನಿಂದ ಬೆಳೆದವು. ವಾನರರಿಗೆ ರಾಜನೂ ಸೈನ್ಯವೂ ಉಂಟೆಂಬ ಕಥೆಯನ್ನು ಆತನು ಕಂಡ ಸಂಗತಿಯ ಸಾಲಿನಲ್ಲಿಯೇ ಇಟ್ಟಿರುವನು. ರಾಮಕಥೆಯ ನೆರಳೆಂಬುದು ಆತನಿಗೆ ಹೊಳೆಯಲಿಲ್ಲ. ನಮ್ಮ ಮತಗಳನ್ನು ಎಂಬತ್ತನಾಲ್ಕೆಂದು ಎಣಿಸಿ, ಎಲ್ಲರೂ ಪೂಜಿಸುವುದು ‘ಬುತ್’ ಎಂಬ ಒಂದೇ ದೇವತೆಯನ್ನೆಂದು ಬರೆದನು. ಅದು ವಿಗ್ರಹಕ್ಕೆ ಪಾರಸಿಯಲ್ಲಿರುವ ಹೆಸರು. ಪರಭಾಷೆಯ ಪದದಿಂದ ಅಳೆದಾಗ ಶಿವನೂ ಶಕ್ತಿಯೂ ಒಂದೇ ‘ಬುತ್’ ಆಗದೆ ಗತಿಯಿಲ್ಲ.

ಆದರೆ ಗ್ರಂಥದ ಹೃದಯವು ಶ್ರೀಶೈಲದ ಯಾತ್ರೆಯಲ್ಲಿದೆ. ಬೀದರದಲ್ಲಿ ಖೋಜಾ ಯೂಸುಫ್ ಎಂಬ ಹೆಸರಿನಿಂದ ಬಾಳುತ್ತಿದ್ದ ಆತನು, ಹಿಂದುಗಳ ಪರಿಚಯವಾದ ಮೇಲೆ ತಾನು ಕ್ರೈಸ್ತನೆಂಬುದನ್ನು ತಾನಾಗಿ ಹೇಳಿದನು. ಅಂದಿನಿಂದ ಅವರು ಊಟವನ್ನಾಗಲಿ ಪೂಜೆಯನ್ನಾಗಲಿ ಆತನಿಂದ ಮರೆಮಾಚಲಿಲ್ಲ. ಶಿವರಾತ್ರಿಯ ಯಾತ್ರೆಗೆ ಜೊತೆಯಲ್ಲಿಯೇ ಕರೆದೊಯ್ದರು. ಅಲ್ಲಿಯ ಕರಿಯ ಕಲ್ಲಿನ ನಂದಿಯನ್ನು ಕಂಡು ಆತನು ನಗಲಿಲ್ಲ. ಹಿಂದುಗಳಿಗೆ ಆ ಪರ್ವತವು ತನ್ನವರಿಗೆ ಜೆರೂಸಲೇಮು ಇದ್ದಂತೆ ಎಂದು ತಿಳಿದುಕೊಂಡನು. ಮೊದಲು ತನ್ನನ್ನು ತೋರಿಸಿಕೊಂಡವನಿಗೆ ಎದುರಿನವರೂ ಕಾಣಿಸಿದರು.

ಜಪತಪದ ಪುಸ್ತಕಗಳು ಕಳುವಾಗಿ ಹಬ್ಬ ಉಪವಾಸಗಳ ಲೆಕ್ಕ ತಪ್ಪಿದುದಕ್ಕಾಗಿ ಆತನು ಪುಟಪುಟದಲ್ಲಿಯೂ ಮರುಗುವನು. ಗ್ರಂಥದ ಕೊನೆಯ ಪ್ರಾರ್ಥನೆಯೋ ಮುಸಲ್ಮಾನರ ಮಾತುಗಳಲ್ಲಿದೆ. ಇದನ್ನು ಕಂಡು ಆತನು ಮತಾಂತರ ಹೊಂದಿದನೇ ಎಂದು ವಿದ್ವಾಂಸರು ವಾದಿಸಿದ್ದಾರೆ. ಶಿಶುನಾಳದ ಶರೀಫ ಸಾಹೇಬರು ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಗ್ಗಾವಿ ಸೀಮೆಯ ವಾಚಕರಿಗೆ ಈ ವಾದವು ಅಷ್ಟು ಅವಶ್ಯವೆನಿಸಲಾರದು. ಮಾತು ಬೇರೆಯಾದರೂ ಮೊರೆಯು ಒಂದೇ.

ಇನ್ನು ಮುಖ್ಯವಾದುದು ತನ್ನ ನಾಡಿನ ಕುರಿತು ಆತನು ಬರೆದ ಕೆಲವು ಪಂಕ್ತಿಗಳು. ರಶಿಯಾ ನಾಡನ್ನು ದೇವರು ಕಾಯಲೆಂದು ಬೇಡುತ್ತ, ಅದಕ್ಕೆ ಸಮನಾದ ನಾಡಿಲ್ಲವೆನ್ನುತ್ತ, ಅಲ್ಲಿನ ಪ್ರಭುಗಳಲ್ಲಿ ನ್ಯಾಯವಿಲ್ಲವೆಂಬುದನ್ನೂ ಆತನು ಕೂಡಿಸಿದನು. ಇದೆಲ್ಲವನ್ನೂ ಸ್ವಭಾಷೆಯಲ್ಲಿ ಬರೆಯದೆ ತುರ್ಕಿಯಲ್ಲಿ ಬರೆದನು. ನಾಡಿನ ಮೇಲಣ ಪ್ರೀತಿಯನ್ನು ಪ್ರಭುಗಳ ಮೇಲಣ ಒಪ್ಪಿಗೆಯಿಂದ ಬಿಡಿಸಿ ನೋಡಬಲ್ಲ ಮನಸ್ಸು ಇದು. ‘ಒಡೆಯನನ್ನು ಬಯಸುವ ಜನ’ ಎಂಬ ಸಿದ್ಧಾಂತವು ಇಲ್ಲಿ ನಿಲ್ಲುವುದಿಲ್ಲ.

ಒಬ್ಬ ವರ್ತಕನಿಂದ ಒಂದು ರಾಷ್ಟ್ರವನ್ನು ಅಳೆಯಬಹುದೇ ಎಂದು ಯಾರಾದರೂ ಕೇಳಬಹುದು. ಅಳೆಯಬಾರದು. ಸ್ಥಾಲೀಪುಲಾಕನ್ಯಾಯವು ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಸಲ್ಲುವುದು. ಜನಾಂಗವು ಹಾಗೆ ಬೆಂದುದಲ್ಲ. ಆದರೆ ‘ಎಲ್ಲರೂ ಇಂಥವರೇ’ ಎಂಬ ಮಾತನ್ನು ಮುರಿಯಲು ಹಾಗಲ್ಲದ ಒಬ್ಬನು ಸಾಕು.

ಈ ವಿವೇಕಕ್ಕೆ ಇಂದು ಬೆಲೆಯುಂಟು. 2022ರ ಫೆಬ್ರವರಿಯಲ್ಲಿ ರಶಿಯಾದ ಪ್ರಭುತ್ವವು ಉಕ್ರೇನಿನ ಮೇಲೆ ದಂಡೆತ್ತಿತು. ಅದರ ಶೋಕವು ಹಾವೇರಿ ಜಿಲ್ಲೆಯ ಮನೆಯ ತನಕವೂ ಬಂದಿತು. ಆ ಅನ್ಯಾಯವನ್ನು ಅನ್ಯಾಯವೆಂದೇ ಕರೆಯತಕ್ಕದ್ದು. ಆದರೆ ಹಾನಗಲ್ಲಿನಲ್ಲಾಗಲಿ, ಸವಣೂರಿನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ ಟಾಲ್‌ಸ್ಟಾಯಿಯ ಕಥೆಗಳನ್ನೂ ನಿರಂಜನರು ಕನ್ನಡಿಸಿದ ಗೋರ್ಕಿಯ ‘ತಾಯಿ’ಯನ್ನೂ ಓದಿದ ಮನೆಗಳು, ಆ ಕೋಪದಲ್ಲಿ ಒಂದು ಜನಾಂಗದ ಶೀಲವನ್ನೇ ತೀರ್ಮಾನಿಸಿಬಿಡುವುದು ಯುಕ್ತವಲ್ಲ. ತನ್ನ ಪ್ರಭುಗಳ ಅನ್ಯಾಯವನ್ನು ಮುಚ್ಚದೆ, ಪರರ ನಾಡಿನ ಬಡವನನ್ನು ಮರೆಯದೆ ಬರೆದ ಒಬ್ಬ ರಶಿಯನನು ಐದೂವರೆ ಶತಮಾನಗಳ ಹಿಂದೆಯೇ ಕನ್ನಡ ನೆಲದ ಮೇಲೆ ನಡೆದುಹೋಗಿರುವನು. ಆತನ ಪುಸ್ತಕವನ್ನು ಕನ್ನಡಿಗರು ಬಹಮನಿಯ ಚರಿತ್ರೆಗಾಗಿ ಮಾತ್ರವಲ್ಲದೆ ಈ ಒಂದು ನಡತೆಗಾಗಿಯೂ ಓದತಕ್ಕದ್ದು.