1,864 ತಿರುವು, ಒಂದು ಬಾಡಿಗೆ ಕಾರು

ಪರದೇಶದಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತಬೇಕೆಂಬ ಆಸೆ ಹುಟ್ಟಿದವರು ಮೊದಲು ನೋಡುವುದು ಐಸ್‌ಲ್ಯಾಂಡಿನದೋ ನ್ಯೂಜಿಲೆಂಡಿನದೋ ಫೋಟೊ. ಎರಡನೆಯದಾಗಿ ನೋಡುವುದು ವಿಮಾನದ ಟಿಕೆಟ್ ದರ. ಬಹಳ ಮಂದಿಯ ಪ್ರವಾಸ ಅಲ್ಲಿಗೇ ಮುಗಿಯುತ್ತದೆ.

ಆಯ್ಕೆಯನ್ನು ತಲೆಕೆಳಗು ಮಾಡಿದರೆ ಲೆಕ್ಕವೂ ಬದಲಾಗುತ್ತದೆ. ಮೊದಲ ಸಲ ಹೊರಟವರು ದೇಶವನ್ನಲ್ಲ, ರಸ್ತೆಯನ್ನು ಆರಿಸಬೇಕು. ಆ ರಸ್ತೆಯಲ್ಲಿ ವಾಹನಗಳು ನಮ್ಮಂತೆಯೇ ಎಡಬದಿಯಲ್ಲಿ ಓಡಬೇಕು. ಹೊರಟಲ್ಲಿಗೇ ಮರಳಿ ಬರುವಂತಿರಬೇಕು, ಆಗ ಕಾರನ್ನು ಬೇರೆ ಊರಲ್ಲಿ ಬಿಡುವುದಕ್ಕೆ ತೆರುವ ಹಣ ಉಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ತಾಸು ಓಡಿಸಿದರೆ ಮುಂದಿನ ಊರು ಸಿಗಬೇಕು. ದಾರಿಯ ಊರುಗಳಲ್ಲಿ ಊಟ, ವಸತಿ ಅಗ್ಗವಾಗಿರಬೇಕು. ಇವಿಷ್ಟನ್ನೂ ಒಟ್ಟಿಗೆ ಕೊಡುವ ಹಾದಿ ಬೆಂಗಳೂರಿನಿಂದ ತೀರಾ ದೂರವೇನಿಲ್ಲ. ಅದು ಉತ್ತರ ಥಾಯ್ಲೆಂಡಿನ ಮೇ ಹಾಂಗ್ ಸಾನ್ ಸುತ್ತು.

ಚಿಯಾಂಗ್ ಮಾಯ್ ನಗರದಿಂದ ಹೊರಟು, ಮ್ಯಾನ್ಮಾರ್ ಗಡಿಯ ಬೆಟ್ಟಸಾಲನ್ನು ಬಳಸಿ ಅಲ್ಲಿಗೇ ಮರಳುವ ಈ ಹಾದಿ ಸುಮಾರು 600 ಕಿಲೋಮೀಟರ್. ದಕ್ಷಿಣದ ಅರ್ಧ 108ನೇ ಹೆದ್ದಾರಿ, ಉತ್ತರದ ಅರ್ಧ 1095. ಇಡೀ ಸುತ್ತಿನಲ್ಲಿ 1,864 ತಿರುವುಗಳಿವೆ ಎಂದು ಮೇ ಹಾಂಗ್ ಸಾನ್ ಊರಿನವರು ಲೆಕ್ಕ ಕೊಡುತ್ತಾರೆ. ಸುತ್ತು ಮುಗಿಸಿದವರಿಗೆ ಅಲ್ಲಿನ ವಾಣಿಜ್ಯ ಮಂಡಳಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಚಿಯಾಂಗ್ ಮಾಯ್‌ನಿಂದ ಪಾಯ್ ಎಂಬ ಪುಟ್ಟ ಊರಿನವರೆಗೇ 762 ತಿರುವು. ಪಾಯ್ ಬೀದಿಯ ಅಂಗಡಿಗಳಲ್ಲಿ ಆ ಸಂಖ್ಯೆ ಅಚ್ಚಾದ ಟೀ ಶರ್ಟ್‌ಗಳು ತೂಗಾಡುತ್ತವೆ. ಆಗುಂಬೆಯ 14 ಹೇರ್‌ಪಿನ್‌ಗಳನ್ನು ಇಳಿದವರಿಗೂ ಚಾರ್ಮಾಡಿಯಲ್ಲಿ ಬಸ್ಸಿಗೆ ದಾರಿ ಬಿಟ್ಟವರಿಗೂ ಇಲ್ಲಿ ಹೊಸತಾಗಿ ಕಲಿಯಬೇಕಾದದ್ದು ಕಡಿಮೆ. ಹಳೆಯ ಚಟವೊಂದನ್ನು ಮಾತ್ರ ಬಿಡಬೇಕು: ಅಲ್ಲಿ ಸುಮ್ಮಸುಮ್ಮನೆ ಯಾರೂ ಹಾರ್ನ್ ಹೊಡೆಯುವುದಿಲ್ಲ.

ಕಾಗದಪತ್ರದ ಕೆಲಸ ಇಲ್ಲಿಂದಲೇ ಶುರು. ಭಾರತದ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ ಬೇಕು. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಇದನ್ನು ಕೊಡುವುದು ಆರ್‌ಟಿಒ. ‘ಸಾರಥಿ’ ಪೋರ್ಟಲ್‌ನಲ್ಲಿ 4ಎ ನಮೂನೆ ತುಂಬಿ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ, 1,000 ರೂಪಾಯಿ ಶುಲ್ಕ ಕಟ್ಟಬೇಕು. ಸಿಕ್ಕಿದ ಪುಸ್ತಿಕೆ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ರಾಜ್ಯಕ್ಕೊಂದು ರೂಪದಲ್ಲಿದ್ದ ಇದನ್ನು 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ನಮೂನೆಗೆ ತಂದು, ಮೂಲ ಲೈಸೆನ್ಸ್‌ಗೆ ಜೋಡಿಸುವ ಕ್ಯೂಆರ್ ಕೋಡ್ ಸೇರಿಸಿತು. ಇಂಟರ್‌ನೆಟ್ಟಿನಲ್ಲಿ ಕೂತಲ್ಲೇ ಮಾರುವ ಚಂದದ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಕಾರ್ಡುಗಳಿಗೆ ಪೊಲೀಸರ ಮುಂದೆಯೂ ವಿಮೆಯವರ ಮುಂದೆಯೂ ಕಿಮ್ಮತ್ತಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಪಾಯ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯುವ ಮನಸ್ಸಿದ್ದರೆ ಐಡಿಪಿಯಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೂ ಮುದ್ರೆ ಬಿದ್ದಿರಬೇಕು. ಕಾರಿನ ಪರವಾನಗಿಯಲ್ಲಿ ಸ್ಕೂಟರ್ ಓಡಿಸಿ ಬಿದ್ದರೆ ಪ್ರವಾಸ ವಿಮೆ ಕೈಗೆ ಬರುವುದಿಲ್ಲ.

ಭಾರತೀಯರಿಗೆ ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ವೀಸಾ ವಿನಾಯಿತಿ ಕೊಟ್ಟಿತು, 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಹಿಗ್ಗಿಸಿತು. ಇಂಥ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಟಿಕೆಟ್ ಕೊಳ್ಳುವ ದಿನ ರಾಯಭಾರ ಕಚೇರಿಯ ಜಾಲತಾಣ ನೋಡಿಯೇ ಮುಂದುವರಿಯಬೇಕು. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ದೇಶ ಪ್ರವೇಶಿಸುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ಅದಕ್ಕೆ ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನಗಳಿವೆ. ಇಳಿದೊಡನೆ ಅಲ್ಲೇ ಕಾರು ಹಿಡಿಯುವುದು ಮೊದಲ ಸಲದವರು ಕೈಬಿಡಬೇಕಾದ ಯೋಚನೆ. ಬ್ಯಾಂಕಾಕ್‌ನ ಟ್ರಾಫಿಕ್‌ನಲ್ಲಿ ಬಾಡಿಗೆ ಓಡುತ್ತದೆ, ಕಾರು ಓಡುವುದಿಲ್ಲ. ಚಿಯಾಂಗ್ ಮಾಯ್ ಅಲ್ಲಿಂದ ಏಳುನೂರು ಕಿಲೋಮೀಟರ್ ಆಸುಪಾಸು. ದೂರದ ರೈಲುಗಳಿಗೆ 2023ರ ಜನವರಿಯಿಂದ ನೆಲೆಯಾಗಿರುವ ಕ್ರುಂಗ್ ಥೇಪ್ ಅಪಿವಾತ್ ನಿಲ್ದಾಣದಿಂದ ರಾತ್ರಿ ರೈಲಿನ ಸ್ಲೀಪರ್ ಹಿಡಿದರೆ ಪ್ರಯಾಣವೂ ಆಯಿತು, ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯಿತು. ಕಾರನ್ನು ಮರುದಿನ ಚಿಯಾಂಗ್ ಮಾಯ್‌ನಲ್ಲೇ ತೆಗೆದುಕೊಳ್ಳಬಹುದು.

ಅಲ್ಲಿ ಪುಟ್ಟ ಆಟೊಮ್ಯಾಟಿಕ್ ಕಾರಿಗೆ ಸಾಮಾನ್ಯವಾಗಿ ದಿನಕ್ಕೆ ಸಾವಿರ ಬಾತ್ ಹಿಡಿಯಬೇಕು. ಪೆಟ್ರೋಲ್ ಲೀಟರಿಗೆ 30ರಿಂದ 40 ಬಾತ್. ಅಡ್ಡದಾರಿಗಳೂ ಸೇರಿ 800 ಕಿಲೋಮೀಟರ್ ಓಡಿದರೆ ಎರಡು ಸಾವಿರ ಬಾತ್ ಇಂಧನ. ನಾಲ್ಕು ರಾತ್ರಿ ಅತಿಥಿಗೃಹಕ್ಕೆ 800ರಂತೆ 3,200. ಅಂದರೆ ಐದು ದಿನದ ಕಾರು, ಇಂಧನ, ವಸತಿ ಎಲ್ಲ ಕೂಡಿ ಇಬ್ಬರಿಗೆ ಹತ್ತು ಸಾವಿರ ಬಾತ್ ಚಿಲ್ಲರೆ. ಬಾತ್‌ಗೆ ಮೂರು ರೂಪಾಯಿ ಹಿಡಿದರೆ ಮೂವತ್ತು ಸಾವಿರದ ಆಸುಪಾಸು.

ಕೈ ಬಿಗಿ ಹಿಡಿಯಬಾರದ ಜಾಗ ವಿಮೆ. ಬಾಡಿಗೆ ಒಪ್ಪಂದದಲ್ಲಿ ಎರಡು ಸಂಗತಿಯನ್ನು ಹುಡುಕಿ ಓದಬೇಕು: ವಿಮೆ ‘ಫಸ್ಟ್ ಕ್ಲಾಸ್’ ಹೌದೋ ಅಲ್ಲವೋ, ಅಪಘಾತವಾದರೆ ಬಾಡಿಗೆದಾರ ತನ್ನ ಜೇಬಿನಿಂದ ಕೊಡಬೇಕಾದ ಮೊತ್ತ ಎಷ್ಟು. ಕಾನೂನು ಕಡ್ಡಾಯ ಮಾಡಿರುವ ವಿಮೆ ಗಾಯಾಳುಗಳ ಚಿಕಿತ್ಸೆಗೆ ಮಾತ್ರ, ನಜ್ಜುಗುಜ್ಜಾದ ಬಂಪರ್‌ಗಲ್ಲ. ದಿನಕ್ಕೆ ನೂರಿನ್ನೂರು ಬಾತ್ ಕಡಿಮೆ ಹೇಳುವ ಅಂಗಡಿಯ ಅಗ್ಗದ ಗುಟ್ಟು ಬಹುತೇಕ ಈ ಎರಡು ಸಾಲಿನಲ್ಲೇ ಅಡಗಿರುತ್ತದೆ. ಉಳಿಸಲು ಬೇರೆ ದಾರಿಗಳಿವೆ. ವಿದೇಶಿ ಕಾರ್ಡಿಗೆ ಥಾಯ್ ಎಟಿಎಂಗಳು ಪ್ರತಿ ಸಲ 220 ಬಾತ್ ಆಸುಪಾಸಿನ ಶುಲ್ಕ ಕೀಳುತ್ತವೆ, ಹಾಗಾಗಿ ಚೂರುಚೂರೇ ತೆಗೆಯದೆ ಒಮ್ಮೆಗೇ ತೆಗೆಯುವುದು ಲೇಸು.

ಸುತ್ತನ್ನು ಯಾವ ಕಡೆಯಿಂದ ಶುರುಮಾಡಬೇಕು? ಹೆಚ್ಚಿನವರು ಮೊದಲು ಪಾಯ್‌ಗೆ ಓಡುತ್ತಾರೆ. ಹೊಸ ಕಾರು, ಹೊಸ ದೇಶ, ಮೊದಲ ದಿನವೇ 762 ತಿರುವು; ಹಿಂದಿನ ಸೀಟಿನವರ ಹೊಟ್ಟೆಗೆ ಇದು ಒಳ್ಳೆಯ ಯೋಜನೆಯಲ್ಲ. ದಕ್ಷಿಣದ 108ನೇ ಹೆದ್ದಾರಿ ಮೊದಲಿಗೆ ಬಯಲಲ್ಲಿ ನೇರವಾಗಿ ಸಾಗಿ ಆಮೇಲೆ ಬೆಟ್ಟ ಹತ್ತುತ್ತದೆ, ಕೈ ಪಳಗಲು ಸಮಯ ಕೊಡುತ್ತದೆ. ಮೊದಲ ದಿನ ಮೇ ಸರಿಯಾಂಗ್‌ಗೆ 190 ಕಿಲೋಮೀಟರ್, ನಡುವೆ ಓಬ್ ಲುವಾಂಗ್ ಕಮರಿ. ಎರಡನೆಯ ದಿನ ಖುನ್ ಯುವಾಮ್ ದಾಟಿ ಮೇ ಹಾಂಗ್ ಸಾನ್. ನವೆಂಬರ್‌ನಲ್ಲಿ ಖುನ್ ಯುವಾಮ್ ಬಳಿಯ ಮೇ ಊ ಖೋ ಬೆಟ್ಟ ಕಾಡು ಸೂರ್ಯಕಾಂತಿಯಿಂದ ಹಳದಿಯಾಗುತ್ತದೆ. ಮೂರನೆಯ ದಿನ ಕಾರಿಗೆ ಅರ್ಧ ವಿಶ್ರಾಂತಿ: ಕೆರೆಯಂಚಿನ ಶಾನ್ ಶೈಲಿಯ ಜೋಂಗ್ ಖಾಮ್, ಜೋಂಗ್ ಕ್ಲಾಂಗ್ ದೇಗುಲಗಳು, ಗದ್ದೆಯ ಮೇಲಿನ ಸು ತೋಂಗ್ ಪೇ ಬಿದಿರ ಸೇತುವೆ, ಚೀನಾದ ಯುನ್ನಾನ್‌ನಿಂದ ಬಂದ ಕುವೊಮಿಂಟಾಂಗ್ ಸೈನಿಕರ ಸಂತತಿ ಟೀ ಬೆಳೆಯುವ ಬಾನ್ ರಕ್ ಥಾಯ್. ನಾಲ್ಕನೆಯ ದಿನ ಪಾಂಗ್ ಮಫಾದ ಥಾಮ್ ಲೋದ್ ಗುಹೆ. ನದಿಯೊಂದು ಈ ಗುಹೆಯೊಳಗೇ ಹರಿಯುತ್ತದೆ, ಬಿದಿರ ತೆಪ್ಪದಲ್ಲಿ ಲಾಟೀನು ಹಿಡಿದು ಸ್ಥಳೀಯರು ದಾರಿ ತೋರುತ್ತಾರೆ. ರಾತ್ರಿಗೆ ಪಾಯ್. ಐದನೆಯ ದಿನ, ಕೈ ಪಳಗಿದ ಮೇಲೆ, ಆ 762.

ಹತ್ತುವುದಕ್ಕಿಂತ ಇಳಿಯುವುದೇ ಇಲ್ಲಿ ಕಸುಬು. ಗೇರನ್ನು ‘ಡಿ’ಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತಿದರೆ ಬ್ರೇಕ್ ಕಾದು ವಾಸನೆ ಹೊಡೆಯುತ್ತದೆ, ಆಮೇಲೆ ಹಿಡಿತ ಸಡಿಲುತ್ತದೆ. ಲಿವರ್‌ನಲ್ಲಿ ‘ಎಲ್’, ‘ಬಿ’ ಅಥವಾ ‘ಎಸ್’ ಎಂದಿರುವ ಸ್ಥಾನಕ್ಕೆ ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು. ದೇಶದ ಅತ್ಯುನ್ನತ ಶಿಖರ, 2,565 ಮೀಟರ್ ಎತ್ತರದ ದೋಯ್ ಇಂತನಾನ್‌ಗೆ ಚೋಮ್ ಥಾಂಗ್‌ನಿಂದ ತುದಿಯವರೆಗೂ ಡಾಂಬರು ರಸ್ತೆಯಿದೆ. ಈ ಪಾಠಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಸುತ್ತಿನಲ್ಲಿ ಇನ್ನೊಂದಿಲ್ಲ. ವಿದೇಶಿಯರಿಗೆ ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 300 ಬಾತ್. ಸುತ್ತಿನೊಳಗೆ ತುರುಕದೆ ಅದಕ್ಕೊಂದು ದಿನ ಬೇರೆಯೇ ಇಟ್ಟುಕೊಳ್ಳುವುದು ಜಾಣತನ.

ಸಸ್ಯಾಹಾರಿಗಳಿಗೆ ಮೀನಿನ ಸಾಸ್‌ನ ಭಯ ಸಹಜ. ಹಳದಿ ಫಲಕದಲ್ಲಿ ಕೆಂಪು ಅಕ್ಷರದ ‘ಜೇ’ ಗುರುತಿರುವ ಅಂಗಡಿಗಳಲ್ಲಿ ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಮೇ ಹಾಂಗ್ ಸಾನ್ ಕಡೆಯ ಶಾನ್ ಜನರ ತೋಫುವಿನಲ್ಲಿ ಸೋಯಾ ಇಲ್ಲ, ಅದು ಕಡಲೆಹಿಟ್ಟಿನದು. ಬಿಸಿಬಿಸಿಯಾಗಿ ನೂಡಲ್ಸ್ ಮೇಲೆ ಸುರಿದು ಕೊಟ್ಟಾಗ ಉತ್ತರ ಕರ್ನಾಟಕದವರಿಗೆ ಸಡಿಲ ಝುಣಕವೇ ಬಟ್ಟಲಿಗೆ ಬಿದ್ದಂತಿರುತ್ತದೆ. ಮೇಲೇನು ಉದುರಿಸುತ್ತಾರೆಂದು ಮಾತ್ರ ಕೇಳಿಕೊಳ್ಳಬೇಕು.

ಕಾಲ ನವೆಂಬರ್‌ನಿಂದ ಜನವರಿ. ಬೆಟ್ಟದ ಊರುಗಳಲ್ಲಿ ರಾತ್ರಿಯ ಚಳಿಗೆ ಸ್ವೆಟರ್ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೊಲದ ಕೂಳೆಗೂ ಕಾಡಿಗೂ ಬೀಳುವ ಬೆಂಕಿಯ ಹೊಗೆ ಕಣಿವೆಗಳಲ್ಲಿ ತುಂಬಿ ಎದುರಿನ ಬೆಟ್ಟವೂ ಕಾಣದಂತಾಗುತ್ತದೆ. ಆ ತಿಂಗಳುಗಳಲ್ಲಿ ವಿಮಾನ ಎಷ್ಟು ಅಗ್ಗವಾದರೂ ಅದು ಉಳಿತಾಯವಲ್ಲ. ಮಳೆಗಾಲದಲ್ಲಿ ರೂಮು ಅಗ್ಗ, ಭೂಕುಸಿತದ ಭಯ ಜಾಸ್ತಿ.

ಕಾರು ಕೈಗೆ ಬಂದಾಗ ಸುತ್ತಲೂ ವಿಡಿಯೊ ಮಾಡಿಕೊಳ್ಳಬೇಕು. ಚಕ್ರದ ರಿಮ್, ಮುಂಗಾಜು, ಇಂಧನದ ಮುಳ್ಳು ಎಲ್ಲ ಅದರಲ್ಲಿರಲಿ. ಗಡಿ ಹತ್ತಿರವಿರುವುದರಿಂದ ತಪಾಸಣಾ ಠಾಣೆಗಳಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಅದನ್ನು ಬಾಡಿಗೆ ಅಂಗಡಿಯಲ್ಲಿ ಅಡವಿಟ್ಟು ಹೊರಡಕೂಡದು. ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್ 1669. ಠೇವಣಿಗೆ ಹೆಚ್ಚಿನ ಕಂಪನಿಗಳು ಡೆಬಿಟ್ ಕಾರ್ಡನ್ನಾಗಲೀ ಫಾರೆಕ್ಸ್ ಕಾರ್ಡನ್ನಾಗಲೀ ಒಪ್ಪುವುದಿಲ್ಲ, ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ತಡೆಹಿಡಿದ ಆ ಹಣ ಕಾರು ಹಿಂತಿರುಗಿಸಿದ ದಿನವೇ ಬಿಡುಗಡೆಯಾಗದೆ ಕೆಲವೊಮ್ಮೆ ವಾರಗಳು ಹಿಡಿಯುವುದುಂಟು. ಹಾಗಾಗಿ ಕಾರ್ಡಿನ ಮಿತಿಯಲ್ಲಿ ಅಷ್ಟು ಮೊತ್ತವನ್ನು ಮೊದಲೇ ಬದಿಗಿಟ್ಟು ಉಳಿದದ್ದರಲ್ಲಿ ರೂಮು, ರೈಲು ಕಾದಿರಿಸಬೇಕು.