ಅಳುವುದಕ್ಕೊಂದು ಮೂಲೆ

ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ದರ್ಶನಕ್ಕೆ ಸಾಲಿನಲ್ಲಿ ನಿಂತು ಬೆಳೆದವಳು ನಾನು. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಹೋದಾಗ ಜನಸಂದಣಿ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಕಟ್ಟಡ.

ಶಿವಾಜಿನಗರದ ಸಂತ ಮೇರಿ ಬಸಿಲಿಕಾ 1882ರದು. ಅದರ ಚೂಪು ಶಿಖರ ಕಣ್ಣನ್ನು ಮೇಲಕ್ಕೆಳೆಯುತ್ತದೆ. ವಿವೇಕನಗರದ ಧರ್ಮಕೇಂದ್ರ ಶುರುವಾದದ್ದು 1971ರಲ್ಲಿ, ಒಂದು ಡೇರೆಯಲ್ಲಿ. ಈಗಿರುವುದು ದೊಡ್ಡ ಸಭಾಂಗಣದಂಥ ಆಲಯ. ಅದಕ್ಕೆ ಕಾರಣವಿದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆಯಲ್ಲಿ ಲ್ಯಾಟಿನ್ನಿನ ಜಾಗಕ್ಕೆ ಜನರ ನುಡಿ ಬಂತು. ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ ಗುರುಗಳು ಅವರತ್ತ ತಿರುಗಿದರು. ಎಲ್ಲರಿಗೂ ಕಾಣಬೇಕು, ಕೇಳಬೇಕು ಎಂದಮೇಲೆ ಇಂಥ ಆಲಯವೇ ಸರಿ. ಕಡೆಯ ಬೆಂಚಿನ ಮಗುವಿಗೂ ಕೇಳುವಂತೆ ಪಾಠ ಮಾಡುವ ನನಗೆ ಇದು ಮೆಚ್ಚುಗೆಯೇ.

ಆದರೆ ಹೊಸ ಮಾದರಿಯಲ್ಲಿ ಒಂದು ಕೊರತೆಯಿದೆ. ಮಗನನ್ನು ಕಳೆದುಕೊಂಡ ಗೆಳತಿಯೊಡನೆ ಒಮ್ಮೆ ಬೇರೊಂದು ಬಡಾವಣೆಯ ಹೊಸ ಚರ್ಚಿಗೆ ಹೋಗಿದ್ದೆ. ಎಲ್ಲರಿಗೂ ಎಲ್ಲವೂ ಕಾಣುವ ಆ ಬೆಳಕಿನಲ್ಲಿ ಅವಳಿಗೆ ಅಳಲೂ ಆಗಲಿಲ್ಲ. ವಿವೇಕನಗರದಲ್ಲಿ, ಹೊರಗೆ ಮೇಣದ ಬತ್ತಿ ಹಚ್ಚುವಲ್ಲಿ, ಕುಂಕುಮವಿಟ್ಟವರು, ಬುರ್ಖಾ ತೊಟ್ಟವರ ನಡುವೆ ನಿಂತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಯಾರೂ ತಿರುಗಿ ನೋಡಲಿಲ್ಲ. ಆ ಪುಟ್ಟ ಜಾಗವೇ ನನಗೆ ಇಡೀ ಆಲಯಕ್ಕಿಂತ ದೊಡ್ಡದಾಗಿ ಕಂಡಿತು.

ಹೊಸ ಆಲಯ ಕಟ್ಟುವವರು ಸಾವಿರ ಜನರ ಲೆಕ್ಕ ಹಾಕುತ್ತಾರೆ. ಒಂಟಿಯಾಗಿ ಬರುವ ಒಬ್ಬಳ ಲೆಕ್ಕವನ್ನೂ ಹಾಕಲಿ. ದಿನೇ ದಿನೇ ಸಾಲು ಉದ್ದವಾಗುತ್ತಿರುವ ನಮ್ಮೂರ ಗುಡಿಗಳಿಗೂ ಈ ಮಾತು ಸಲ್ಲುತ್ತದೆ, ಅಲ್ಲವೇ?