ಸಾಗರತಳವೆಂಬ ಪಿತ್ರಾರ್ಜಿತ

ಕಾನೂನಿನ ದಸ್ತಾವೇಜೊಂದನ್ನು ಕೃತಿಯೆಂದು ಭಾವಿಸಿ ವಿಮರ್ಶಿಸುವ ವಾಡಿಕೆ ನಮ್ಮಲ್ಲಿ ಕಡಿಮೆ. ಆದರೂ 1982ರಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆ ಅಂತಹ ಓದಿಗೆ ಅರ್ಹವಾದುದು. ಅದರ 320 ವಿಧಿಗಳಲ್ಲಿ 136ನೆಯದು ಒಂದೇ ವಾಕ್ಯದ್ದು. ಯಾವ ರಾಷ್ಟ್ರದ ಅಧಿಕಾರಕ್ಕೂ ಒಳಪಡದ ಸಾಗರತಳವೂ ಅಲ್ಲಿನ ಸಂಪತ್ತೂ ಮನುಕುಲದ ಸಮಾನ ಸ್ವತ್ತು ಎಂಬುದು ಅದರ ತಾತ್ಪರ್ಯ. ಇಲ್ಲಿ ಬಳಕೆಯಾಗಿರುವ ಪದವನ್ನು ಸಾಮಾನ್ಯವಾಗಿ ‘ಪರಂಪರೆ’ ಎಂದು ಅನುವಾದಿಸುತ್ತಾರೆ. ‘ಪಿತ್ರಾರ್ಜಿತ’ ಎಂಬುದೇ ಸರಿಯೆಂದು ನನಗೆ ತೋರುತ್ತದೆ. ಪಿತ್ರಾರ್ಜಿತವನ್ನು ಅನುಭವಿಸಬಹುದು, ಆದರೆ ಮುಂದಿನವರ ಪಾಲನ್ನು ಕರಗಿಸುವ ಹಕ್ಕು ಯಜಮಾನನಿಗಿಲ್ಲವೆಂಬುದನ್ನು ನಿಮ್ಮ ಮನೆಗಳಲ್ಲಿ ಯಾರೂ ವಿವರಿಸಬೇಕಾಗಿಲ್ಲ.

ಈ ಮಾತಿನ ಘನತೆ ತಿಳಿಯಲು ಹಿಂದಿನದನ್ನು ನೆನೆಯಬೇಕು. ಸಮುದ್ರ ಎಲ್ಲರಿಗೂ ಮುಕ್ತವೆಂದು 1609ರಲ್ಲಿ ವಾದಿಸಿದ ಹ್ಯೂಗೋ ಗ್ರೋಷಿಯಸ್, ಆ ವಾದವನ್ನು ಹೂಡಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ, ಪೋರ್ಚುಗೀಸರ ಏಕಸ್ವಾಮ್ಯದ ವಿರುದ್ಧ. ಹಡಗುಳ್ಳವನಿಗೆ ಮಾತ್ರ ಒದಗುವ ಸ್ವಾತಂತ್ರ್ಯವದು. 1967ರ ನವೆಂಬರ್ 1ರಂದು ಪುಟ್ಟ ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದುನಿಂತು, ಸಾಗರತಳವು ಬಲಿಷ್ಠರ ಪಾಲಾಗದೆ ಸಮಸ್ತರ ಸ್ವತ್ತಾಗಬೇಕೆಂದು ಪ್ರತಿಪಾದಿಸಿದರು. ಹಡಗಿಲ್ಲದವನೂ ಹಕ್ಕುದಾರನಾದನು! 140ನೆಯ ವಿಧಿ ಹಿಂದುಳಿದ ರಾಷ್ಟ್ರಗಳ ಹಿತವನ್ನು ವಿಶೇಷವಾಗಿ ಗಮನಿಸಬೇಕೆನ್ನುತ್ತದೆ.

ಇಷ್ಟರವರೆಗೆ ಮೆಚ್ಚುಗೆ. ಆದರೆ ಹನ್ನೊಂದನೆಯ ಭಾಗವನ್ನು ಪೂರ್ತಿ ಓದಿದಾಗ ನಿಮಗೊಂದು ಸಂಗತಿ ಎದ್ದು ಕಾಣುವುದು. ಅದರ ಬಹುಪಾಲು, ಸಂಪತ್ತನ್ನು ಹೇಗೆ ತೆಗೆಯಬೇಕು, ಯಾರು ಅನುಮತಿ ಕೊಡಬೇಕು, ಹೇಗೆ ಹಂಚಬೇಕು ಎಂಬುದನ್ನೇ ಕುರಿತದ್ದು. ಸಮುದ್ರಪರಿಸರದ ರಕ್ಷಣೆಗೆಂದೇ ಆ ಭಾಗದಲ್ಲಿ ಮೀಸಲಾದದ್ದು 145ನೆಯ ವಿಧಿ. ಮುಂದಿನ ಭಾಗ ಪೂರ್ತಿ ಪರಿಸರವನ್ನು ಕುರಿತದ್ದು, ನಿಜ. ಆದರೆ ಬೀಗದ ಕೈ ಇರುವುದು ಹನ್ನೊಂದರಲ್ಲಿ. ಕಿಂಗ್‌ಸ್ಟನ್ನಿನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರವೇ ಗಣಿಗಾರಿಕೆಗೆ ಅನುಮತಿ ಕೊಡಬೇಕು, ಅದೇ ತಳವನ್ನು ಕಾಯಲೂ ಬೇಕು. ಒಬ್ಬನೇ ಹರಾಜು ಕೂಗುವವನೂ ಕಾವಲುಗಾರನೂ ಆದಂತೆ.

ಇದು ಪದಗಳ ಜಗಳವಲ್ಲ. ನಾಲ್ಕೈದು ಸಾವಿರ ಮೀಟರ್ ಆಳದಲ್ಲಿ ಹರಡಿರುವ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟುಗಳ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರುವಿನಾಚೆಯ ಸಾಗರತಳದಲ್ಲಿ ನೇಗಿಲಿನಂತಹ ಸಾಧನವೊಂದನ್ನು ಎಳೆದು ಪರೀಕ್ಷೆ ನಡೆಸಿದರು. 2015ರಲ್ಲಿ ಮತ್ತೆ ಹೋಗಿ ನೋಡಿದಾಗ ಆ ಸಾಲುಗಳು ಹಾಗೆಯೇ ಇದ್ದವು. ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಗಾಯ ಮುಚ್ಚುವ ಆತುರವೂ ಇಲ್ಲ.

ನಮ್ಮ ದೇಶ ಇದರಿಂದ ಹೊರತಲ್ಲ. 1981ರಲ್ಲಿ ‘ಗವೇಷಣಿ’ ನೌಕೆ ಹಿಂದೂ ಮಹಾಸಾಗರದಿಂದ ಈ ಗಂಟುಗಳನ್ನು ಮೇಲೆತ್ತಿತು. 1987ರಲ್ಲಿ ಪ್ರವರ್ತಕ ಹೂಡಿಕೆದಾರನೆಂಬ ಮಾನ್ಯತೆ ಪಡೆದ ಮೊದಲ ರಾಷ್ಟ್ರ ಭಾರತ. ಇಂದು ಸುಮಾರು 75,000 ಚದರ ಕಿಲೋಮೀಟರ್ ತಳದಲ್ಲಿ ಶೋಧನೆಯ ಹಕ್ಕು ನಮಗಿದೆ. ಬಡರಾಷ್ಟ್ರಗಳ ಪರವಾಗಿ ದನಿಯೆತ್ತಿದವರೂ ಗಣಿಯ ಸರದಿಯಲ್ಲಿ ನಿಂತಿದ್ದಾರೆ ಎಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ.

ಒಡಂಬಡಿಕೆ ಜಾರಿಗೆ ಬರುವ ಮುನ್ನವೇ, 1994ರ ಪೂರಕ ಒಪ್ಪಂದವು ತಂತ್ರಜ್ಞಾನವನ್ನು ಕಡ್ಡಾಯವಾಗಿ ಹಂಚಿಕೊಳ್ಳಬೇಕೆಂಬ ಷರತ್ತನ್ನು ತೆಗೆದುಹಾಕಿತು. ಶ್ರೀಮಂತ ರಾಷ್ಟ್ರಗಳನ್ನು ಒಲಿಸಲು ತೆತ್ತ ಬೆಲೆಯದು. ಅಮೆರಿಕ ಆಗಲೂ ಸೇರಲಿಲ್ಲ. 2025ರ ಏಪ್ರಿಲ್‌ನಲ್ಲಿ ತನ್ನದೇ 1980ರ ಕಾನೂನಿನಡಿ ಅಂತರರಾಷ್ಟ್ರೀಯ ಸಾಗರತಳಕ್ಕೂ ಪರವಾನಗಿ ಕೊಡುವ ಪ್ರಕ್ರಿಯೆಯನ್ನು ಚುರುಕುಗೊಳಿಸಲು ಅದರ ಅಧ್ಯಕ್ಷರು ಆದೇಶಿಸಿದರು. ಅತ್ತ 2021ರಲ್ಲಿ ನೌರು ಎಂಬ ಪುಟ್ಟ ದ್ವೀಪರಾಷ್ಟ್ರ, ಎರಡು ವರ್ಷಗಳೊಳಗೆ ಗಣಿಗಾರಿಕೆಯ ನಿಯಮಾವಳಿಯನ್ನು ಪೂರ್ಣಗೊಳಿಸಿರೆಂದು ಪ್ರಾಧಿಕಾರವನ್ನು ಒತ್ತಾಯಿಸಿತ್ತು. ಪಾರ್ಡೊ ಯಾರ ಪರವಾಗಿ ಮಾತನಾಡಿದ್ದರೋ ಅಂತಹವರಲ್ಲೇ ಒಬ್ಬರು! ಅವಸರಿಸುವ ಬಡವನನ್ನು ದೂರುವುದು ಸುಲಭ. ಕಾಯಲು ಅವನಿಗೆ ಒಡಂಬಡಿಕೆ ಏನು ಕೊಟ್ಟಿತೆಂದು ಕೇಳುವುದು ನ್ಯಾಯ. 2025ರ ಅಧಿವೇಶನದಲ್ಲೂ ನಿಯಮಾವಳಿ ಅಂತಿಮವಾಗಲಿಲ್ಲ. ಈ ವಿಳಂಬವನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ.

ಇಂತಹ ಸಾಮಾನ್ಯ ಸ್ವತ್ತುಗಳಿಗೆ ಸಮಗ್ರ ಆಡಳಿತ ವ್ಯವಸ್ಥೆ ಬೇಕೆಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಬರೆದಿದ್ದರು. ಮುಕ್ತ ಸಾಗರದ ಜೀವವೈವಿಧ್ಯದ ಕುರಿತ 2023ರ ಒಪ್ಪಂದ ಆ ದಿಕ್ಕಿನದು. ಅದು 2026ರ ಜನವರಿ 17ರಂದು ಜಾರಿಗೆ ಬಂದಿತು. ಸಂರಕ್ಷಿತ ಪ್ರದೇಶಗಳನ್ನು ಗುರುತಿಸುವ ದಾರಿಯನ್ನು ಅದು ತೆರೆದಿದೆ. ಗಣಿಗೆ ಅನುಮತಿ ಕೊಡುವ ಅಧಿಕಾರ ಮಾತ್ರ ಕಿಂಗ್‌ಸ್ಟನ್ನಿನಲ್ಲೇ ಉಳಿದಿದೆ.